ಹುಳಿ ಹುಟ್ಟಿದ ಬಗೆ

ಪುಳಿಯೋಗರೆ ಅನ್ನೋ ಹೆಸರು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ನಾವು ಮಜ್ಜಿಗೆ ಹುಳಿ ಅನ್ನುತ್ತೇವೆ. ಹುಳಿ ಮಾವು, ಹುಳಿ ಸೊಪ್ಪು, ಹುಳಿ ತೇಗು ಅನ್ನುತ್ತೇವೆ. ಎಲ್ಲ ಕಡೆ ಹಕಾರವೇ. ಪುಳಿಯೋಗರೆಗೆ ಬಂದ ಕೂಡಲೇ ಮಾತ್ರ ಯಾರೂ ಹೇಳಿಕೊಡದೆ ತುಟಿ ಕೂಡಿ ಪಕಾರ ಹೊರಡುತ್ತದೆ. ಅದು ತಪ್ಪಲ್ಲ, ಅದೇ ಹಳೆಯದು. ಹಳಗನ್ನಡದಲ್ಲಿ ಈ ಮಾತು ಪುಳಿ ಅಂತಲೇ ಇತ್ತು. ಆಗ ಹಾಲು ಪಾಲ್ ಆಗಿತ್ತು, ಹೂವು ಪೂ ಆಗಿತ್ತು, ಹಣ್ಣು ಪಣ್ ಆಗಿತ್ತು, ಹೆಸರು ಪೆಸರ್ ಆಗಿತ್ತು. 10ನೇ ಶತಮಾನದ ಆಸುಪಾಸಿನಲ್ಲಿ ಮೊದಲಕ್ಷರದ ಈ ಪ ಸಡಿಲವಾಗತೊಡಗಿತು. ಮುಂದಿನ ಕೆಲವು ಶತಮಾನಗಳಲ್ಲಿ ಅಚ್ಚಗನ್ನಡದ ಮಾತುಗಳಲ್ಲಿ ಹೆಚ್ಚೂಕಮ್ಮಿ ಎಲ್ಲ ಕಡೆ ಅದು ಹ ಆಯಿತು. ಪುಳಿಯೂ ಹುಳಿಯಾಯಿತು. ಪುಳಿಯೋಗರೆ ಮಾತ್ರ ಹಾಗೇ ಉಳಿಯಿತು.

ಅದರ ಕೊನೆಯಲ್ಲಿರುವ ಓಗರವೂ ಹಳೇ ಮಾತೇ. ಓಗರ ಅಂದರೆ ಅನ್ನ, ಊಟ. ವಚನಗಳನ್ನು ಓದಿದವರಿಗೆ ಈ ಪದ ಗೊತ್ತಿರುತ್ತದೆ. ಹುಳಿ ಹಾಕಿದ ಅನ್ನ ಪುಳಿಯೋಗರೆ, ಅಷ್ಟೇ. ತಮಿಳಿನಲ್ಲಿ ಪುಳಿಯೋದರೈ, ತೆಲುಗಿನಲ್ಲಿ ಪುಲಿಹೋರ. ಮೇಲುಕೋಟೆಯಂಥ ಶ್ರೀವೈಷ್ಣವ ಕ್ಷೇತ್ರಗಳ ಪ್ರಸಾದವಾಗಿ, ಅಯ್ಯಂಗಾರರ ಅಡುಗೆಮನೆಯ ಮಾತಾಗಿ ಇದು ಬೆಳೆದು ಬಂತು. ಪಕ್ಕದಲ್ಲೇ ತಮಿಳಿನ ಪುಳಿ ಇದ್ದದ್ದರಿಂದ ಪಕಾರ ಸವೆಯಲಿಲ್ಲ ಅನ್ನುವುದು ನನ್ನ ಊಹೆ. ಕಾರಣ ಏನೇ ಇರಲಿ, ಒಂದು ತಟ್ಟೆ ತಿಂಡಿಯ ಹೆಸರಲ್ಲಿ ಸಾವಿರ ವರ್ಷ ಹಳೆಯ ಕನ್ನಡ ಕೂತಿದೆ. ಇದು ಹೊಳೆದ ಮೇಲೆ ನಾನು ಈ ಪದದ ಬೆನ್ನು ಬಿಡಲಿಲ್ಲ.

ಪುತ್ತೂರಿನ ಹಿತ್ತಿಲು

ಬಯಲುಸೀಮೆಯವನಾದ ನನಗೆ ಪುಳಿ ಅನ್ನೋ ಪದವನ್ನು ದಿನಬಳಕೆಯಲ್ಲಿ ಮೊದಲು ಕೇಳಿಸಿದ್ದು ಪುತ್ತೂರಿನ ಹತ್ತಿರ, ಗೆಳೆಯನೊಬ್ಬನ ಮನೆಯಲ್ಲಿ. ಮಳೆಗಾಲ. ಅಂಗಳದಲ್ಲಿ ಪಾಚಿ, ಜಾರುತ್ತಿತ್ತು. ಮಧ್ಯಾಹ್ನಕ್ಕೆ ಬಂಗುಡೆ ಬಂದಿತ್ತು. ಅವನ ಅಮ್ಮ ಒಳಗಿಂದ ತುಳುವಿನಲ್ಲಿ ಏನೋ ಕೂಗಿ ಹೇಳಿದರು. ನನಗೆ ಗೊತ್ತಾದದ್ದು ಪುಳಿ ಅನ್ನೋ ಒಂದೇ ಪದ. ಗೆಳೆಯ ಸಣ್ಣ ಬುಟ್ಟಿ ಹಿಡಿದು ಹಿತ್ತಿಲಿಗೆ ಹೊರಟ, ನಾನೂ ಹಿಂದೆ ಹೋದೆ. ಹುಣಸೆ ಮರ ಎಲ್ಲಿದೆ ಅಂತ ಕಣ್ಣಾಡಿಸುತ್ತಿದ್ದರೆ ಅವನು ಬಿಂಬುಳಿ ಮರದ ಮುಂದೆ ನಿಂತ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಎಳೇ ಹಸಿರು ಕಾಯಿ. ಒಂದನ್ನು ಕಚ್ಚಿದೆ. ಹಲ್ಲು ಚುಳ್ ಅಂತು, ಕಣ್ಣು ತಾನಾಗೇ ಮುಚ್ಚಿತು.

ಊಟಕ್ಕೆ ಕೂತಾಗ ಅಮ್ಮನನ್ನೇ ಕೇಳಿದೆ. "ಪುಳಿ ಅಂದರೆ ಹುಣಸೆಹಣ್ಣಲ್ವಾ ಅಮ್ಮಾ?" ಅವರು ಬಡಿಸುತ್ತಲೇ ಹೇಳಿದರು. "ಅದೂ ಪುಳಿಯೇ, ಇದೂ ಪುಳಿಯೇ. ಬಂಗುಡೆಗೆ ಬಿಂಬುಳಿ ಒಳ್ಳೆದಾಗ್ತದೆ ಮಾರಾಯ, ನೀವು ಉಣ್ಣಿ." ಅವತ್ತಿನ ಪದಾರ್ಥದ ಹೆಸರು ಪುಳಿಮುಂಚಿ. ಮುಂಚಿ ಅಂದರೆ ಮೆಣಸು. ಹುಳಿ ಮತ್ತು ಮೆಣಸು, ಹೆಸರಲ್ಲೇ ಅಡುಗೆಯ ವಿಧಾನ ಇದೆ. ಊಟ ಆದಮೇಲೆ ಕೆಂಪಗಿನ ಪುನರ್ಪುಳಿ ಶರಬತ್ತು ಬಂತು. ಮಲೆನಾಡಿನವರು ಮುರುಗಲು ಅನ್ನುವ ಹಣ್ಣೇ ಅದು.

ಆ ಮನೆಯಲ್ಲಿ ನನಗೆ ಹೊಳೆದದ್ದು ಇಷ್ಟು. ಪುಳಿ ಅನ್ನುವುದು ಅಲ್ಲಿ ಒಂದು ಹಣ್ಣಿನ ಹೆಸರಲ್ಲ. ಅದೊಂದು ಮನೆತನದ ಹೆಸರು. ಕೊಡಗಿಗೆ ಹೋದರೆ ಅಲ್ಲಿ ಕಾಚಂಪುಳಿ ಇದೆ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿ ಮಾಡಿ ಶೀಶೆಯಲ್ಲಿ ತುಂಬಿಡುತ್ತಾರೆ, ಪಂದಿಕರಿಗೆ ಅದು ಇರಲೇಬೇಕು. ಅದೂ ಹುಣಸೆಯಲ್ಲ, ಉಪ್ಪಾಗೆ ಜಾತಿಯದು. ಕೇರಳದ ಮೀನು ಸಾರಿನ ಕುಡಂಪುಳಿಯೂ ಅದೇ. ಮಲಯಾಳಿಗಳು ಹುಣಸೆಯನ್ನು ಬೇರೆಯಾಗಿ ತೋರಿಸಬೇಕಾದರೆ ವಾಳನ್‌ಪುಳಿ ಅನ್ನುತ್ತಾರೆ. ಹಿಂದೆ ಒಂದು ಗುರುತು ಸೇರಿಸಲೇಬೇಕು, ಯಾಕೆಂದರೆ ಬರೀ ಪುಳಿ ಅಂದರೆ ಯಾವುದೂ ಆಗಬಹುದು. ಮಲೆನಾಡಿನ ಹವ್ಯಕರ ಮನೆಗಳಲ್ಲಿ ವಾಟೆಹುಳಿ ಇದೆ, ಅಪ್ಪೆಹುಳಿ ಇದೆ.

ಇನ್ನೊಂದು ಸಂಗತಿಯನ್ನೂ ತುಳು ಚೆನ್ನಾಗಿ ಕಾಪಾಡಿಕೊಂಡಿದೆ. ಕನ್ನಡದಲ್ಲಿ ಹುಲಿ, ಹುಳಿ, ಹುಳ ಮೂರೂ ಅಕ್ಕಪಕ್ಕ ಬಂದು ಮಕ್ಕಳ ನಾಲಿಗೆಗೆ ತೊಡಕಾಗುತ್ತವೆ. ತುಳುವಿನಲ್ಲಿ ಹುಲಿ ಪಿಲಿ, ಹುಳಿ ಪುಳಿ, ಹುಳ ಪುರಿ. ಕಲಸುಮೇಲೋಗರವೇ ಇಲ್ಲ. ಹಳಗನ್ನಡದಲ್ಲೂ ಇರಲಿಲ್ಲ. ಹುಳಕ್ಕೆ ಆಗ ಪುೞು ಅನ್ನುತ್ತಿದ್ದರು. ಆ ೞ ಅಕ್ಷರ ತಮಿಳು, ಮಲಯಾಳದಲ್ಲಿ ಇನ್ನೂ ಇದೆ, ನಮ್ಮಲ್ಲಿ ನಡುಗನ್ನಡದ ಹೊತ್ತಿಗೆ ಳ ಜೊತೆ ಬೆರೆತು ಹೋಯಿತು. ಅಂದರೆ ಹುಳಕ್ಕೂ ಹುಳಿಗೂ ಹುಟ್ಟಿನಲ್ಲಿ ನೆಂಟಸ್ತಿಕೆ ಇಲ್ಲ. ಹಿಟ್ಟು ಕೆಟ್ಟು ಹುಳ ಬಿದ್ದದ್ದರಿಂದ ಹುಳಿ ಅನ್ನೋ ಪದ ಬಂತು ಅಂತ ಯಾರೋ ಬರೆದದ್ದನ್ನು ಓದಿದ್ದೆ. ಆ ಮಾತಿಗೆ ಬುಡವಿಲ್ಲ. ಎರಡು ಬೇರೆ ಬೇರೆ ಅಕ್ಷರಗಳು ಒಂದಾದದ್ದರಿಂದ ಹಾಗೆ ಕಾಣುತ್ತದೆ ಅಷ್ಟೇ.

ಮರ ಮೊದಲೋ, ರುಚಿ ಮೊದಲೋ

ಆದರೂ ಕನ್ನಡದವರಿಗೆ ಹುಳಿ ಅಂದರೆ ಮೊದಲು ಕಣ್ಣಿಗೆ ಬರುವುದು ಹುಣಸೆಯೇ. ನನಗಂತೂ ಹೌದು. ನನ್ನ ಅಜ್ಜಿಯ ಊರು ಮಧುಗಿರಿ ಕಡೆ. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಪಡಸಾಲೆ ತುಂಬಾ ಹುಣಸೆಹಣ್ಣು. ಗಳು ಹಿಡಿದು ಮರ ಬಡಿದವರು ಮೂಟೆ ತಂದು ಸುರಿಯುತ್ತಿದ್ದರು. ಚಿಪ್ಪು ಒಡೆಯುವುದು, ನಾರು ಎಳೆಯುವುದು, ಕೊಡತಿಯಿಂದ ಕುಟ್ಟಿ ಬೀಜ ಉದುರಿಸುವುದು, ಇದು ಹೆಂಗಸರ ಕೆಲಸ. ಅಕ್ಕಪಕ್ಕದವರೂ ಬಂದು ಕೂರುತ್ತಿದ್ದರು. ಅವರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿ, ಉಗುರಿನ ಸಂದಿಯಲ್ಲಿ ಚುರುಚುರು ಅನ್ನುತ್ತಿತ್ತು. ನಮಗೆ ಬೀಜ ಬೇಕಿತ್ತು. ಚೌಕಾಬಾರಕ್ಕೆ ಅರ್ಧ ಉಜ್ಜಿದ ಬೀಜ, ತಿನ್ನುವುದಕ್ಕೆ ಹುರಿದ ಬೀಜ. ಬೆಲ್ಲ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಚಿಗಳಿ ಕಡ್ಡಿಗೆ ಚುಚ್ಚಿ ಕೊಟ್ಟರೆ ಆವತ್ತಿಗೆ ಬೇರೆ ಏನೂ ಬೇಡ.

ಅಜ್ಜಿ ಬಿಡಿಸಿದ ಹಣ್ಣಿಗೆ ಕಲ್ಲುಪ್ಪು ಹಾಕಿ ಜಾಡಿಯಲ್ಲಿ ಅದುಮಿ ಅದುಮಿ ತುಂಬುತ್ತಿದ್ದಳು. ಪಕ್ಕದಲ್ಲಿ ಹೋದ ವರ್ಷದ ಜಾಡಿ ಇರುತ್ತಿತ್ತು. ಹೊಸದು ಕೆಂಚಗೆ, ಹಳೇದು ಕರ್ರಗೆ ಮೇಣದ ಹಾಗೆ. "ಹೊಸ ಹಣ್ಣು ಸಾರಿಗೆ, ಹಳೇದು ಗೊಜ್ಜಿಗೆ. ಅದಲುಬದಲು ಮಾಡಬೇಡಿ ಕಣ್ರೇ" ಅಂತ ಸೊಸೆಯರಿಗೆ ಹೇಳುತ್ತಿದ್ದಳು. ಪುಳಿಯೋಗರೆ ಗೊಜ್ಜಿಗೆ ಹಳೇ ಹುಣಸೆಯೇ ಆಗಬೇಕು ಅನ್ನುವವರು ಈಗಲೂ ಇದ್ದಾರೆ. ಮರ ಮುಪ್ಪಾದರೆ ಹುಳಿ ಮುಪ್ಪೇ ಅನ್ನೋ ಗಾದೆ ಇಂಥ ಮನೆಗಳಲ್ಲೇ ಹುಟ್ಟಿರಬೇಕು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು ನೋಡಿದವರಿಗೆ ಆ ಗಾದೆ ಚೆನ್ನಾಗಿ ಅರ್ಥವಾಗುತ್ತದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ ಅದು. ಅಲ್ಲಿ ನೂರಾರು ವರ್ಷದ ಮರಗಳ ಕಾಂಡ ಟೊಳ್ಳಾಗಿ, ಸೀಳಿ, ತಿರುಚಿಕೊಂಡಿವೆ. ಕೊಂಬೆಯಲ್ಲಿ ಎಳೇ ಚಿಗುರು ಇರುತ್ತದೆ.

ಇಷ್ಟು ನಮ್ಮದಾಗಿರುವ ಈ ಮರ ಮೂಲದಲ್ಲಿ ಇಲ್ಲಿಯದಲ್ಲ. ಹುಣಸೆಯ ತವರು ಆಫ್ರಿಕದ ಉಷ್ಣವಲಯ. ಬಹಳ ಹಿಂದೆಯೇ ಇಲ್ಲಿಗೆ ಬಂದು, ಎಷ್ಟು ಒಗ್ಗಿಕೊಂಡಿತು ಅಂದರೆ ಅರಬರು ಇದನ್ನು ತಮರ್ ಹಿಂದಿ, ಅಂದರೆ ಹಿಂದೂದೇಶದ ಖರ್ಜೂರ ಅಂತ ಕರೆದರು. ಯುರೋಪಿನವರ ಟ್ಯಾಮರಿಂಡ್ ಅಲ್ಲಿಂದಲೇ ಬಂತು. 1753ರಲ್ಲಿ ಲಿನೇಯಸ್ ಅದಕ್ಕೆ ಟ್ಯಾಮರಿಂಡಸ್ ಇಂಡಿಕಾ ಅಂತ ಹೆಸರಿಟ್ಟು ಇಂಡಿಯಾವನ್ನು ಇನ್ನೊಂದು ಸಲ ಸೇರಿಸಿದ. ಆಫ್ರಿಕದ ಮರದ ಹೆಸರಲ್ಲಿ ನಮ್ಮ ದೇಶ ಎರಡು ಸಲ ಬಂದಿದೆ.

ಹಾಗಾದರೆ ಪುಳಿ ಅನ್ನೋ ಪದ ಈ ಮರದ ಜೊತೆ ಬಂತಾ? ಮರದ ಹೆಸರು ರುಚಿಗೆ ಅಂಟಿಕೊಂಡಿತಾ? ತಮಿಳಿನಲ್ಲಿ ಪುಳಿ ಅಂದರೆ ರುಚಿಯೂ ಹೌದು, ಹುಣಸೆಯೂ ಹೌದು. ಅದೊಂದನ್ನೇ ನೋಡಿದರೆ ಅನುಮಾನ ಬರುತ್ತದೆ. ನನ್ನ ಅನುಮಾನ ಬಿಡಿಸಿದ್ದು ತೆಲುಗು. ತೆಲುಗಿನಲ್ಲಿ ಹುಳಿ ರುಚಿಗೆ ಪುಲುಪು ಅನ್ನುತ್ತಾರೆ, ಅದು ನಮ್ಮ ಪುಳಿಯ ಸ್ವಂತ ತಂಗಿ. ಆದರೆ ಹುಣಸೆಗೆ ಚಿಂತ. ರುಚಿಯ ಹೆಸರು ನಮ್ಮದೇ, ಮರದ ಹೆಸರು ಬೇರೆ. ಅಕ್ಕತಂಗಿಯರ ಹಾಗಿರುವ ಈ ಭಾಷೆಗಳಲ್ಲಿ ಎಲ್ಲರ ಹತ್ತಿರವೂ ಇರುವುದು ರುಚಿಯ ಪದ. ಮರಕ್ಕೆ ಮಾತ್ರ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಕನ್ನಡದ ಪುಣಿಸೆ, ಹುಣಸೆ ಅದೇ ಪುಳಿಯ ಬಳಗದ್ದು ಅಂತ ಬರೋ ಮತ್ತು ಎಮನೋ ಅವರ ದ್ರಾವಿಡ ನಿಘಂಟು ಸೇರಿಸುತ್ತದೆ. ಆದರೆ ರೂಪ ನೋಡಿ, ಅದು ಬರೀ ಪುಳಿಯಲ್ಲ, ಪುಳಿಯಿಂದ ಬೆಳೆಸಿದ ಹೆಸರು. ಉತ್ತರ ಕರ್ನಾಟಕದಲ್ಲಿ ಇನ್ನೂ ಸವೆದು ಹುಣಚಿ, ಹುಂಚಿ ಆಗಿದೆ. ಹುಂಚಿ ತೊಕ್ಕು ಅಂದರೆ ಆ ಕಡೆಯವರ ಬಾಯಲ್ಲಿ ನೀರು. ಉತ್ತರದ ಭಾಷೆಗಳಲ್ಲೂ ಇದೇ ಕತೆ. ಹಿಂದಿಯ ಇಮ್ಲಿ ಸಂಸ್ಕೃತದ ಅಮ್ಲಿಕಾದಿಂದ ಬಂದದ್ದು, ಅಮ್ಲಿಕಾ ಬಂದದ್ದು ಅಮ್ಲದಿಂದ. ಅವರೂ ಹೊಸ ಮರಕ್ಕೆ ತಮ್ಮ ಹಳೇ ರುಚಿಯ ಹೆಸರನ್ನೇ ಕೊಟ್ಟರು.

ಹೊರಗಿಂದ ಬಂದ ಮರ, ಒಳಗೇ ಇದ್ದ ಪದ. ಹುಣಸೆ ಬರುವುದಕ್ಕೆ ಮುಂಚೆಯೇ ಈ ನೆಲದವರಿಗೆ ಹುಳಿ ಗೊತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ನೆಲ್ಲಿ ಇತ್ತು, ಮಾವು ಇತ್ತು, ಘಟ್ಟದಲ್ಲಿ ಮುರುಗಲು, ಉಪ್ಪಾಗೆ ಇದ್ದವು. ಆದರೆ ಪದ ಹುಟ್ಟಿದ್ದು ಹಣ್ಣಿನಿಂದಲೇ ಅಂತ ನನಗೆ ಅನ್ನಿಸುವುದಿಲ್ಲ.

ಹಿಟ್ಟು, ಹಾಲು

ಹುಳಿ ನಮಗೆ ಹೆಸರು ಮಾತ್ರ ಅಲ್ಲ, ಕೆಲಸವೂ ಹೌದು. ಮೊಸರು ಹುಳಿಯುತ್ತದೆ. ಹಿಟ್ಟು ಹುಳಿಯಿತು. ಹುಳಿತ ಮಜ್ಜಿಗೆ. ರಾತ್ರಿ ಬಿಟ್ಟ ಅಂಬಲಿ ಬೆಳಿಗ್ಗೆಗೆ ಹುಳಿದಿರುತ್ತದೆ. ಕಹಿ ಅಂತ ಕ್ರಿಯಾಪದ ಇಲ್ಲ. ಖಾರಕ್ಕೂ ಇಲ್ಲ, ಒಗರಿಗೂ ಇಲ್ಲ. ಕಹಿಯಾಗುತ್ತದೆ, ಖಾರವಾಗುತ್ತದೆ ಅನ್ನಬೇಕು. ಹುಳಿ ಮಾತ್ರ ಇನ್ನೊಂದು ಪದದ ಆಸರೆ ಇಲ್ಲದೆ ತಾನೇ ನಡೆಯುತ್ತದೆ. ತಮಿಳಿನವರು ಹಿಟ್ಟಿನ ಬಗ್ಗೆ ಮಾವು ಪುಳಿತ್ತದು ಅನ್ನುತ್ತಾರೆ. ಮಲಯಾಳಿಗಳು ಮಾವು ಪುಳಿಚ್ಚು. ತೆಲುಗಿನವರು ಪಿಂಡಿ ಪುಲಿಸಿಂದಿ. ನಾವು ಹಿಟ್ಟು ಹುಳಿತು. ನಾಲ್ಕು ಅಡುಗೆಮನೆ, ನಾಲ್ಕು ಭಾಷೆ, ಒಂದೇ ಕ್ರಿಯಾಪದ, ಒಂದೇ ಪಾತ್ರೆಯ ಮುಂದೆ. ಹಣ್ಣಿನ ಹೆಸರುಗಳಲ್ಲಿ ಬೇರೆ ಬೇರೆಯಾದ ಭಾಷೆಗಳು ಇಲ್ಲಿ ಒಂದೇ ಮಾತು ಆಡುತ್ತವೆ.

ಇದನ್ನು ನೋಡಿದ ಮೇಲೆ ನಾನು ಬಂದು ನಿಂತ ಜಾಗ ಇದು. ಹುಳಿ ಮೊದಲು ಒಂದು ರುಚಿಯ ಹೆಸರಾಗಿರಲಿಲ್ಲ, ನಡೆಯುವ ಒಂದು ಬದಲಾವಣೆಯ ಹೆಸರಾಗಿತ್ತು. ಬಿಟ್ಟ ಗಂಜಿ, ಬಿಟ್ಟ ಹಾಲು, ನೆನೆದ ಕಾಳು ಹೊತ್ತು ಕಳೆದ ಹಾಗೆ ಬೇರೆಯಾಗುತ್ತವೆ. ಆ ಬೇರೆಯಾಗುವಿಕೆಗೆ ಹಿರಿಯರು ಪುಳಿ ಅಂದರು. ಆಮೇಲೆ ಅದೇ ರುಚಿ ಕಾಯಲ್ಲಿ ಸಿಕ್ಕಿದಾಗ ಅದೂ ಪುಳಿ, ಎಲೆಯಲ್ಲಿ ಸಿಕ್ಕಿದಾಗ ಅದೂ ಪುಳಿ, ಕಡಲಾಚೆಯಿಂದ ಮರ ಬಂದಾಗ ಅದಕ್ಕೂ ಅದೇ ಹೆಸರು. ಪಂಡಿತರು ಇದನ್ನು ಹೀಗೇ ಒಪ್ಪಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಆದರೆ ಎಲ್ಲ ಭಾಷೆಗಳಲ್ಲೂ ಉಳಿದಿರುವ ಕ್ರಿಯಾಪದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ.

ಹುಳಿ ಹಿಂಡುವುದು ಅನ್ನೋ ಮಾತಿನ ಬಗ್ಗೆ ಇಲ್ಲೇ ಹೇಳಬೇಕು. ಹಾಲಿನಂಥ ಸಂಸಾರಕ್ಕೆ ಹುಳಿ ಹಿಂಡಿದ ಅನ್ನುತ್ತೇವೆ. ಮಾತು ಚೆನ್ನಾಗಿದೆ, ಆದರೆ ಹುಳಿಗೆ ಅನ್ಯಾಯ ಆಗಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅದೇ ಹಾಲಿಗೆ ರಾತ್ರಿ ಒಂದು ಚಮಚ ಹೆಪ್ಪು ಹಾಕಿದರೆ ಬೆಳಿಗ್ಗೆ ಗಟ್ಟಿ ಮೊಸರು. ಅಲ್ಲೂ ಕೆಲಸ ಮಾಡಿದ್ದು ಹುಳಿಯೇ. ಹಾಲಿನ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಒಂದು ಮಟ್ಟಕ್ಕೆ ಏರಿದಾಗ ಹಾಲಿನ ಪ್ರೋಟೀನು ಒಂದಕ್ಕೊಂದು ಹಿಡಿದುಕೊಂಡು ಹೆಪ್ಪುಗಟ್ಟುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಆದರೆ ನೀರನ್ನೂ ಹಿಡಿದಿಟ್ಟುಕೊಂಡ ಮೊಸರು. ಕುದಿಯುವ ಹಾಲಿಗೆ ನಿಂಬೆ ಹಿಂಡಿ ಒಂದೇ ಸಲ ಮಾಡಿದರೆ ನೀರು ಬೇರೆ, ಗಿಣ್ಣಿನಂಥ ಗಂಟು ಬೇರೆ. ಸಂಸಾರ ಒಡೆದದ್ದು ಹುಳಿಯಿಂದಲ್ಲ, ಹಿಂಡಿದ ಆತುರದಿಂದ. ಗಾದೆ ಕಟ್ಟಿದವರಿಗೂ ಇದು ಗೊತ್ತಿದ್ದಿರಬೇಕು. ಅವರು ಹಿಂಡಿದ ಅಂದರು, ಹುಳಿತು ಅನ್ನಲಿಲ್ಲ.

ಆಮ್ಲ ಬಂದ ಮೇಲೆ

ಶಾಲೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಹುಳಿ ಆಮ್ಲವಾಯಿತು. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ. ಅದರ ಬಗ್ಗೆ ನನ್ನ ತಕರಾರು ದೊಡ್ಡದಲ್ಲ, ಆದರೆ ಒಂದು ಪದ ಮಾತ್ರ ಮನಸ್ಸಲ್ಲಿ ಉಳಿದಿದೆ. ಆಮ್ಲಜನಕ. ಬಿಡಿಸಿದರೆ ಹುಳಿ ಹುಟ್ಟಿಸುವುದು ಅಂತ. ಹುಳಿಯಾದ ವಸ್ತುಗಳಲ್ಲೆಲ್ಲ ಈ ಅನಿಲ ಇರಲೇಬೇಕು ಅಂತ ಲವಾಸಿಯೆ ನಂಬಿ ಹಾಗೆ ಹೆಸರಿಟ್ಟ. ಆ ನಂಬಿಕೆ ಸುಳ್ಳಾಯಿತು. ಕ್ಲೋರಿನ್ ಒಂದು ಮೂಲವಸ್ತು, ಅದರ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅಂತ 1810ರಲ್ಲಿ ಡೇವಿ ತೋರಿಸಿದ. ಹೆಸರು ಮಾತ್ರ ಅಲ್ಲಾಡಲಿಲ್ಲ. ನಾವು ಉಸಿರಾಡುವ ಗಾಳಿಯ ಹೆಸರಲ್ಲೂ ಹುಳಿ ಇದೆ.

ಊಟದ ಎಲೆಯ ಮೇಲೆ ನನಗೆ ಬೇಜಾರು ಜಾಸ್ತಿ. ಹಳೇ ಮೈಸೂರಿನ ಮನೆಗಳಲ್ಲಿ ಇವತ್ತು ಏನು ಹುಳಿ ಅಂತ ಕೇಳುತ್ತಿದ್ದರು. ಬದನೆಕಾಯಿ ಹುಳಿ, ನುಗ್ಗೆಕಾಯಿ ಹುಳಿ, ಸೊಪ್ಪಿನ ಹುಳಿ. ಈಗ ಎಲ್ಲ ಸಾಂಬಾರು. ಬಿಸಿಬೇಳೆ ಹುಳಿಯನ್ನ ಹೋಗಿ ಬಿಸಿಬೇಳೆ ಬಾತ್ ಆಗಿದೆ. ಹುಳಿ ಅಂದರೆ ಎಲ್ಲೋ ಹಳ್ಳಿಯ ಮಾತು ಅನ್ನೋ ಸಂಕೋಚ ನಮಗೆ ಯಾಕೆ ಬಂತೋ. ಆ ಹೆಸರು ತಾಯಂದಿರು ಕೊಟ್ಟದ್ದು. ಬೇಳೆ ಎಷ್ಟೇ ಹಾಕಲಿ, ತರಕಾರಿ ಯಾವುದೇ ಇರಲಿ, ಅಡುಗೆಯನ್ನು ಹಿಡಿದಿಡುವುದು ಹುಳಿ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಇಡೀ ಪದಾರ್ಥಕ್ಕೆ ಅದರ ಹೆಸರಿಟ್ಟರು.

ಉಬ್ಬುವುದು ಬೇರೆ

ಈಗ ಕ್ರಿಯಾಪದಕ್ಕೂ ಕುತ್ತು ಬಂದಿದೆ. ಹಿಟ್ಟು ಫರ್ಮೆಂಟ್ ಆಗಿಲ್ಲ ಅನ್ನುತ್ತೇವೆ, ನಮ್ಮ ಮನೆಯಲ್ಲೂ. ಬೇರೆ ಭಾಷೆಯ ಪದ ಬಂದರೆ ನನಗೆ ಸಿಟ್ಟಿಲ್ಲ. ಖಾರ ಅನ್ನುವುದೂ ಹೊರಗಿನಿಂದ ಬಂದ ಪದವೇ. ಇಲ್ಲಿ ಒಂದು ಸೂಕ್ಷ್ಮ ಕಳೆದುಹೋಗುತ್ತಿದೆ, ಅದಕ್ಕೆ ಹೇಳುತ್ತಿದ್ದೇನೆ. ಕನ್ನಡದ ಅಡುಗೆಮನೆಯಲ್ಲಿ ಉಬ್ಬುವುದು ಒಂದು, ಹುಳಿಯುವುದು ಇನ್ನೊಂದು, ಹುದುಗು ಬರುವುದು ಮತ್ತೊಂದು. ಉದ್ದಿನ ಬೇಳೆಯ ಜೊತೆ ಬರುವ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಅನಿಲವನ್ನೂ ಮಾಡುತ್ತದೆ, ಆಮ್ಲವನ್ನೂ ಮಾಡುತ್ತದೆ. ಹಾಗಾಗಿ ಒಳ್ಳೇ ಇಡ್ಲಿ ಹಿಟ್ಟು ಉಬ್ಬುತ್ತಲೂ ಹುಳಿಯುತ್ತಲೂ ಇರುತ್ತದೆ. ಸೋಡಾ ಹಾಕಿದರೆ ಉಬ್ಬುತ್ತದೆ, ಹುಳಿಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಹೊರಗೇ ಬಿಟ್ಟರೆ ಹುಳಿ ಮುಂದೆ ಹೋಗಿ, ಉಬ್ಬಿದ್ದು ಇಳಿದಿರುತ್ತದೆ. ಆ ಹಿಟ್ಟಿಗೆ ನಮ್ಮ ಅಮ್ಮ ಈರುಳ್ಳಿ, ಹಸಿಮೆಣಸಿನಕಾಯಿ, ಒಂದಿಷ್ಟು ರವೆ ಹಾಕಿ ದಪ್ಪ ದೋಸೆ ಮಾಡುತ್ತಾಳೆ. ಮುಚ್ಚಳ ತೆಗೆದು ಮೂಸಿದರೆ ಸಾಕು, ಅವಳಿಗೆ ಇದು ಇಡ್ಲಿಯ ಹಿಟ್ಟೋ ದೋಸೆಯ ಹಿಟ್ಟೋ ಅಂತ ಗೊತ್ತಾಗುತ್ತದೆ. ಮೊನ್ನೆ ನನ್ನ ಮಗಳು ಪಾತ್ರೆ ತೆರೆದು ನೋಡಿ, ಉಕ್ಕಿ ಬಂದಿದೆ, ಆಯ್ತಲ್ವಾ ಅಜ್ಜಿ ಅಂದಳು. ಅಮ್ಮ ಬೆರಳ ತುದಿಗೆ ಹಿಟ್ಟು ತಗೊಂಡು ನಾಲಿಗೆಗೆ ಇಟ್ಟು ನೋಡಿದಳು. "ಉಬ್ಬಿದೆ ಕಣೇ, ಇನ್ನೂ ಹುಳಿದಿಲ್ಲ. ಒಂದು ಗಂಟೆ ಬಿಡು."